ದನ, ಎಮ್ಮೆ, ಕುರಿಗಳ ಮೈಮೇಲಿನ ಗಂಟು–ಬೊಕ್ಕೆಗಳು: ಯಾವುದು ನಮಗೆ ಅಂಟುತ್ತದೆ, ಯಾವುದು ಅಂಟುವುದಿಲ್ಲ?

2022ರ ಮುಂಗಾರಿನ ಕೊನೆಯ ದಿನಗಳು ನಿಮಗೆ ನೆನಪಿರಬಹುದು. ಹಿಂಗಾರಿ ಜೋಳದ ಬಿತ್ತನೆಗೆ ಎತ್ತುಗಳನ್ನು ಸಜ್ಜು ಮಾಡುವ ಹೊತ್ತಿಗೆ ಚರ್ಮಗಂಟು ರೋಗವು ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಹಬ್ಬಿತು. ದನದ ಸಂತೆ, ಜಾತ್ರೆಗಳು ನಿಂತವು. ಮೈತುಂಬ ಗಂಟು ಎದ್ದ ಆಕಳನ್ನು ಕಂಡ ಮನೆಯವರು ಮೊದಲು ಕೇಳಿದ ಪ್ರಶ್ನೆ ಒಂದೇ: “ಇದು ನಮಗೂ ಬರುತ್ತದೆಯೇ? ಇದರ ಹಾಲು ಮಕ್ಕಳಿಗೆ ಕೊಡಬಹುದೇ?”

ಈ ಪ್ರಶ್ನೆ ಸಹಜವಾದದ್ದು. ಆದರೆ ಇದಕ್ಕೆ ಸರಿಯಾದ ಉತ್ತರ ತಿಳಿಯದಿದ್ದರೆ ಎರಡು ಬಗೆಯ ನಷ್ಟವಾಗುತ್ತದೆ. ಮನುಷ್ಯನಿಗೆ ಅಂಟದ ರೋಗಕ್ಕೆ ಹೆದರಿ ಹಾಲು ಚೆಲ್ಲುತ್ತೇವೆ, ಆಕಳನ್ನು ಆರೈಕೆಯಿಲ್ಲದೆ ದೂರ ಕಟ್ಟುತ್ತೇವೆ. ಇನ್ನೊಂದೆಡೆ ನಿಜವಾಗಿಯೂ ಅಂಟುವ ರೋಗವನ್ನು “ಮೊಲೆಯ ಮೇಲೆ ನಾಲ್ಕು ಬೊಕ್ಕೆ ಎದ್ದಾವ, ತಾನೇ ಹೋಗ್ತಾವ” ಎಂದು ಕಡೆಗಣಿಸಿ, ಹಾಲು ಹಿಂಡುವವರ ಕೈಗೆ ಹುಣ್ಣು ತಂದುಕೊಳ್ಳುತ್ತೇವೆ. ಆದ್ದರಿಂದ ಈ ರೋಗಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ರೋಗಗಳಿಗೆ ಕಾರಣ

ಈ ಲೇಖನದಲ್ಲಿ ಹೇಳುವ ಗಂಟು, ಬೊಕ್ಕೆಗಳಿಗೆ ವೈರಾಣುಗಳೆಂಬ ಅತಿ ಸೂಕ್ಷ್ಮ ಜೀವಾಣುಗಳೇ ಕಾರಣ. ಇವೆಲ್ಲವೂ ಸಿಡುಬಿನ ಮನೆತನಕ್ಕೆ ಸೇರಿದವು. ಆದರೆ ಒಂದೇ ಮನೆತನದಲ್ಲಿ ಬೇರೆ ಬೇರೆ ಗುಣದ ಅಣ್ಣತಮ್ಮಂದಿರು ಇರುವಂತೆ ಇವುಗಳಲ್ಲಿಯೂ ಮೂರು ಕವಲುಗಳಿವೆ.

ಮೊದಲನೆಯ ಕವಲಿನಲ್ಲಿ ಕುರಿ ಸಿಡುಬು, ಆಡಿನ ಸಿಡುಬು ಮತ್ತು ದನಗಳ ಚರ್ಮಗಂಟು ರೋಗದ ವೈರಾಣುಗಳು ಸೇರುತ್ತವೆ. ಇವು ಮನುಷ್ಯನಿಗೆ ಅಂಟುವುದಿಲ್ಲ. ಎರಡನೆಯ ಕವಲಿನಲ್ಲಿ ಎಮ್ಮೆ ಸಿಡುಬಿನ ವೈರಾಣು ಇದೆ. ಮೂರನೆಯ ಕವಲಿನಲ್ಲಿ ಆಕಳ ಹುಸಿ ಸಿಡುಬು ಮತ್ತು ಕುರಿ–ಆಡುಗಳ ಬಾಯಿಯ ಸುತ್ತ ಹಕ್ಕಳೆ ಕಟ್ಟಿಸುವ ವೈರಾಣುಗಳು ಇವೆ. ಈ ಕೊನೆಯ ಎರಡು ಕವಲಿನವು ಮನುಷ್ಯನಿಗೂ ಅಂಟುತ್ತವೆ. ಇಷ್ಟನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆದಂತೆ.

1. ಚರ್ಮಗಂಟು ರೋಗ

ಈ ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಆಫ್ರಿಕದ ಜಾಂಬಿಯಾ ದೇಶದಲ್ಲಿ. ಬಹುಕಾಲ ಅದೇ ಖಂಡದಲ್ಲಿದ್ದ ರೋಗವು 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2020ರಲ್ಲಿ ಕರ್ನಾಟಕಕ್ಕೂ ಬಂದಿತು. 2022ರಲ್ಲಿ ರಾಜಸ್ಥಾನ, ಗುಜರಾತ್ ಮೊದಲಾದ ರಾಜ್ಯಗಳಲ್ಲಿ ಉಗ್ರರೂಪ ತಾಳಿ, ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಿತು.

ಲಕ್ಷಣಗಳು: ಮೊದಲು 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಜ್ವರ ಬರುತ್ತದೆ. ಕಣ್ಣು ಮೂಗಿನಲ್ಲಿ ನೀರು ಸೋರುತ್ತದೆ. ದನ ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ನಂತರ ಕುತ್ತಿಗೆ, ಬೆನ್ನು, ಕಾಲು, ಕೆಚ್ಚಲು ಹೀಗೆ ಮೈಯೆಲ್ಲ 2ರಿಂದ 5 ಸೆಂಟಿಮೀಟರ್ ಅಗಲದ, ಕೈಗೆ ಗಟ್ಟಿಯಾಗಿ ಸಿಗುವ ದುಂಡನೆಯ ಗಂಟುಗಳು ಏಳುತ್ತವೆ. ಕೆಲವು ಗಂಟುಗಳು ಒಡೆದು ಆಳವಾದ ಹುಣ್ಣುಗಳಾಗುತ್ತವೆ. ಮುಂಗಾಲು, ಎದೆಭಾಗದಲ್ಲಿ ಬಾವು ಬಂದು ಎತ್ತು ಕುಂಟುತ್ತದೆ. ಗಬ್ಬದ ಆಕಳು ಕಂದು ಹಾಕಬಹುದು. ಸಾಮಾನ್ಯವಾಗಿ ರೋಗ ತಗುಲಿದ 100 ದನಗಳಲ್ಲಿ 1ರಿಂದ 5 ಸಾಯುತ್ತವೆ. ಕರುಗಳು ಮತ್ತು ಮಿಶ್ರತಳಿ ಆಕಳುಗಳು ಹೆಚ್ಚು ನರಳುತ್ತವೆ. ಎಮ್ಮೆಗಳಲ್ಲಿ ಈ ರೋಗ ವಿರಳ.

ಹರಡುವ ರೀತಿ: ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳು ರೋಗದ ದನದ ರಕ್ತ ಹೀರಿ ಮತ್ತೊಂದಕ್ಕೆ ಕಚ್ಚಿದಾಗ ವೈರಾಣುವನ್ನು ಒಯ್ಯುತ್ತವೆ. ಮಾನ್ವಿ, ಸಿರವಾರ, ಕವಿತಾಳ, ಬಾಗಲವಾಡದ ಕಡೆಗೆ ತುಂಗಭದ್ರಾ ಎಡದಂಡೆ ನಾಲೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ನಾಲೆ ಇವೆ. ನೀರು ನಿಂತ ಗದ್ದೆ, ಬಸಿಗಾಲುವೆಗಳ ಬದಿಯಲ್ಲಿ ದನ ಕಟ್ಟುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ನಾಲೆಯ ನೀರು ಬೆಳೆಯನ್ನು ಕೊಡುತ್ತದೆ, ಜೊತೆಗೆ ಸೊಳ್ಳೆಯನ್ನೂ ಸಾಕುತ್ತದೆ. ರೋಗದ ದನವನ್ನು ಸಂತೆಗೆ ಹೊಡೆದುಕೊಂಡು ಹೋದರೆ ರೋಗವು ಒಂದೇ ದಿನದಲ್ಲಿ ಹತ್ತಾರು ಮೈಲಿ ದಾಟುತ್ತದೆ.

ಮನುಷ್ಯನಿಗೆ ಅಂಟುತ್ತದೆಯೇ? ಇಲ್ಲ. ರೋಗದ ದನವನ್ನು ಮುಟ್ಟಿ ಆರೈಕೆ ಮಾಡುವುದರಿಂದ ನಿಮಗಾಗಲಿ ಮಕ್ಕಳಿಗಾಗಲಿ ಚರ್ಮಗಂಟು ರೋಗ ಬರುವುದಿಲ್ಲ. ಹಾಲನ್ನು ಎಂದಿನಂತೆ ಚೆನ್ನಾಗಿ ಕಾಯಿಸಿ ಕುಡಿಯಬಹುದು. ಆದರೆ ದನಕ್ಕೆ ಚುಚ್ಚುಮದ್ದು ಕೊಡಿಸಿದ್ದರೆ, ಆ ಔಷಧಿಯ ಅಂಶ ಹಾಲಿನಲ್ಲಿ ಬರುವುದರಿಂದ, ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಡೇರಿಗೂ ಬಳಸಬಾರದು. 2022ರ ಜುಲೈಯಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಮಂಕಿಪಾಕ್ಸ್ ಬೇರೆಯೇ ರೋಗ. ಅದಕ್ಕೂ ದನದ ಚರ್ಮಗಂಟಿಗೂ ಕೊಡು–ಕೊಳ್ಳುವಿಕೆ ಇಲ್ಲ.

ಆರೈಕೆ: ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಜ್ವರ ಇಳಿಸುವುದು, ಹುಣ್ಣಿಗೆ ಕೀವು ಆಗದಂತೆ ನೋಡುವುದು, ದನದ ಶಕ್ತಿ ಉಳಿಸುವುದು ಇವೇ ಚಿಕಿತ್ಸೆ. ರೋಗದ ದನವನ್ನು ಬೇರೆ ಕಟ್ಟಿ, ನೆರಳು, ಹಸಿ ಮೇವು, ಗಂಜಿ, ಶುದ್ಧ ನೀರು ಒದಗಿಸಿರಿ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿ ಹುಣ್ಣು ತೊಳೆಯಿರಿ. ಹುಳು ಬೀಳದಂತೆ ಬೇವಿನ ಎಣ್ಣೆ ಅಥವಾ ವೈದ್ಯರು ಕೊಟ್ಟ ಮುಲಾಮು ಹಚ್ಚಿರಿ. ವೀಳ್ಯದೆಲೆ, ಕರಿಮೆಣಸು, ಉಪ್ಪು, ಬೆಲ್ಲ ಅರೆದು ನೆಕ್ಕಿಸುವ ಮನೆಮದ್ದನ್ನು ಅನೇಕರು ಮಾಡಿದ್ದಾರೆ. ಮೇವು ಬಿಟ್ಟ ದನಕ್ಕೆ ಅದನ್ನು ಕೊಡಬಹುದು. ಆದರೆ ಅದು ಪಶುವೈದ್ಯರ ಚಿಕಿತ್ಸೆಗೆ ಬದಲಲ್ಲ. ಮೈಮೇಲೆ ಹುಣ್ಣಿರುವ ಎತ್ತಿನ ಹೆಗಲಿಗೆ ನೊಗ ಹೂಡಬೇಡಿರಿ. ಬಿತ್ತನೆಯ ಅವಸರದಲ್ಲಿ ಎರಡು ದಿನ ಉಳಿಸಲು ಹೋಗಿ ಎತ್ತನ್ನೇ ಕಳೆದುಕೊಳ್ಳುವುದು ಲಾಭದ ಮಾತಲ್ಲ.

ಲಸಿಕೆ: ನಮ್ಮಲ್ಲಿ ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕುತ್ತ ಬಂದಿದ್ದಾರೆ. “ಆಡಿನ ಲಸಿಕೆ ದನಕ್ಕೇಕೆ?” ಎಂದು ಕೆಲವರು ಹಿಂಜರಿದದ್ದುಂಟು. ಎರಡೂ ವೈರಾಣುಗಳು ಒಂದೇ ಕವಲಿನವಾದ್ದರಿಂದ ಒಂದರ ಲಸಿಕೆ ಇನ್ನೊಂದನ್ನು ತಡೆಯುತ್ತದೆ. ಈ ರೋಗಕ್ಕೆಂದೇ ರೂಪಿಸಿದ ಲಸಿಕೆಯನ್ನು ಹರಿಯಾಣದ ಹಿಸ್ಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರೊಡನೆ ಕೂಡಿ, 2022ರ ಆಗಸ್ಟ್‌ನಲ್ಲಿ ಹೊರತಂದರು. ಲಸಿಕೆಯನ್ನು ಆರೋಗ್ಯವಾಗಿರುವ, 4 ತಿಂಗಳು ಮೀರಿದ ದನಗಳಿಗೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆಯೇ ಹಾಕಿಸಿರಿ. ರಕ್ಷಣೆ ಕೂಡಿಬರಲು ಸುಮಾರು 3 ವಾರ ಬೇಕು. ಪಕ್ಕದ ಮನೆಯ ಆಕಳಿಗೆ ಗಂಟು ಎದ್ದ ಮೇಲೆ ಓಡಾಡುವುದಕ್ಕಿಂತ ಮೊದಲೇ ಎಚ್ಚರವಾಗುವುದು ಲೇಸು. ಈಗಾಗಲೇ ರೋಗ ತಗುಲಿದ ದನಕ್ಕೆ ಲಸಿಕೆ ಹಾಕಿಸಬಾರದು.

2. ಕುರಿ ಸಿಡುಬು

ನಮ್ಮ ಭಾಗದ ಕೆಂಗುರಿ, ಬಳ್ಳಾರಿ, ದಖ್ಖನಿ ಕುರಿಗಳನ್ನು ಸಾಕುವವರಿಗೆ ಇದು ಹಳೆಯ ಶತ್ರು. “ಕುರಿಗೆ ಅಮ್ಮ ಎದ್ದಾಳ” ಎಂದು ಹೇಳುವುದು ಇದನ್ನೇ. ಜ್ವರ ಬಂದು, ಉಣ್ಣೆಯಿಲ್ಲದ ಜಾಗಗಳಾದ ಮುಖ, ಕಿವಿ, ಕಂಕುಳು, ತೊಡೆಸಂದಿ, ಬಾಲದ ಕೆಳಗೆ ಕೆಂಪು ಕಲೆಗಳು ಎದ್ದು, ಗಟ್ಟಿ ಗಂಟುಗಳಾಗಿ, ಕೊನೆಗೆ ಕಪ್ಪು ಹಕ್ಕಳೆ ಕಟ್ಟುತ್ತವೆ. ಪುಪ್ಪುಸಕ್ಕೂ ಗಂಟು ಹಬ್ಬಿದರೆ ಕುರಿ ಏದುಸಿರು ಬಿಟ್ಟು ಸಾಯುತ್ತದೆ. ಎಳೆ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುವುದೂ ಉಂಟು.

ಉದುರಿದ ಹಕ್ಕಳೆಯಲ್ಲಿ ವೈರಾಣು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ರೋಗ ಬಂದು ಹೋದ ಹಟ್ಟಿಯಲ್ಲಿ ಹೊಸ ಮರಿಗಳನ್ನು ತಂದು ಕೂಡಿಹಾಕಬೇಡಿರಿ. ಹಟ್ಟಿಯ ಮೇಲ್ಮಣ್ಣು, ಹಿಕ್ಕೆಗಳನ್ನು ಕೆರೆದು ಸುಟ್ಟು, ಸುಣ್ಣ ಹರಡಿ, ಬಿಸಿಲಿಗೆ ಬಿಡಿರಿ. 3 ತಿಂಗಳು ಮೀರಿದ ಎಲ್ಲ ಕುರಿಗಳಿಗೂ ವರ್ಷಕ್ಕೊಮ್ಮೆ ಸಿಡುಬಿನ ಲಸಿಕೆ ಹಾಕಿಸಿರಿ. ಈ ಸಿಡುಬು ಕುರಿಗಾರರಿಗಾಗಲಿ ಅವರ ಮಕ್ಕಳಿಗಾಗಲಿ ಅಂಟುವುದಿಲ್ಲ.

3. ಎಮ್ಮೆ ಸಿಡುಬು – ಇದು ಅಂಟುತ್ತದೆ

ಇಲ್ಲಿಂದ ಮುಂದಿನದನ್ನು ಹಾಲು ಹಿಂಡುವವರು ಗಮನವಿಟ್ಟು ಓದಬೇಕು. ಓದು ಬಾರದವರಿಗೆ ಮನೆಯಲ್ಲಿ ಓದಿ ಹೇಳಬೇಕು.

ಎಮ್ಮೆ ಸಿಡುಬು ಮೈತುಂಬ ಏಳುವುದು ಅಪರೂಪ. ಮೊಲೆತೊಟ್ಟು, ಕೆಚ್ಚಲು, ತೊಡೆಸಂದಿ, ಕೆಲವೊಮ್ಮೆ ಕಿವಿಯ ಮೇಲೆ ಸಣ್ಣ ಕೆಂಪು ಗುಳ್ಳೆಗಳು ಎದ್ದು, ನೀರು ತುಂಬಿ, ಆಮೇಲೆ ಕೀವಾಗಿ, ಕೊನೆಗೆ ಹಕ್ಕಳೆ ಕಟ್ಟುತ್ತವೆ. ನೋವಿನಿಂದ ಎಮ್ಮೆ ಒದೆಯುತ್ತದೆ, ಕರುವಿಗೂ ಮೊಲೆ ಕೊಡುವುದಿಲ್ಲ. ಹಾಲು ಪೂರ್ತಿ ಹಿಂಡದೆ ಬಿಟ್ಟಾಗ ಕೆಚ್ಚಲು ಬಾವು ಬಂದು ಒಂದೆರಡು ಮೊಲೆಗಳೇ ಕೆಡಬಹುದು. ಎಮ್ಮೆ ಸಾಯದಿದ್ದರೂ ಹಾಲಿನ ಆದಾಯಕ್ಕೆ ಪೆಟ್ಟು ಬೀಳುತ್ತದೆ.

ಈ ವೈರಾಣುವು, ಹಿಂದೆ ಮನುಷ್ಯನ ಸಿಡುಬಿಗೆ ಹಾಕುತ್ತಿದ್ದ ಲಸಿಕೆಯಲ್ಲಿದ್ದ ವೈರಾಣುವಿಗೆ ತೀರ ಹತ್ತಿರದ ಸಂಬಂಧಿ. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಹಿಂಡುವ ಹೆಣ್ಣುಮಗಳ ಕೈಮೇಲಿನ ಆಕಳ ಸಿಡುಬಿನ ರಸವನ್ನು ಒಬ್ಬ ಹುಡುಗನ ತೋಳಿಗೆ ಹಚ್ಚಿ, ಅದು ದೊಡ್ಡ ಸಿಡುಬನ್ನು ತಡೆಯುವುದೆಂದು ತೋರಿಸಿದನು. ಮುಂದೆ ಆ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸುತ್ತಿದ್ದರು. ಬೆಳಗಾವಿಯ ತಿಳಕವಾಡಿಯಲ್ಲಿ ಇಂದಿಗೂ ವ್ಯಾಕ್ಸಿನ್ ಡಿಪೋ ಎಂಬ ಹೆಸರಿನ ಮೈದಾನವಿದೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವದು.

ಆ ಲಸಿಕೆಯ ದುಂಡನೆಯ ಕಲೆ ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ಇರಬಹುದು. 1980ರಲ್ಲಿ ಜಗತ್ತಿನಿಂದ ಸಿಡುಬು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಅಷ್ಟರೊಳಗೆ ನಮ್ಮಲ್ಲಿ ಲಸಿಕೆ ಹಾಕುವುದೂ ನಿಂತಿತ್ತು. ಅದು ಸರಿಯಾದ ಕ್ರಮವೇ. ಆದರೆ ಅದರಿಂದ ಒಂದು ಪರಿಣಾಮವಾಯಿತು. ಆ ಲಸಿಕೆಯು ಎಮ್ಮೆ ಸಿಡುಬಿನಿಂದಲೂ ಸ್ವಲ್ಪಮಟ್ಟಿಗೆ ಕಾಪಾಡುತ್ತಿತ್ತು. ಆಮೇಲೆ ಹುಟ್ಟಿದವರಿಗೆ ಆ ರಕ್ಷಣೆ ಇಲ್ಲ. ಇಂದು ಎಮ್ಮೆಯ ಕೆಳಗೆ ಕೂರುವ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಈ ಸಾಲಿಗೆ ಸೇರಿದವರು. ಆದ್ದರಿಂದ “ನಮ್ಮ ಕಾಲದಾಗ ಇಂಥಾದ್ದಕ್ಕ ಯಾರೂ ಹೆದರತಿರಲಿಲ್ಲ” ಎಂಬ ಅಜ್ಜಿಯ ಮಾತು ಅವರ ಮಟ್ಟಿಗೆ ನಿಜವಾದರೂ ಮೊಮ್ಮಗಳಿಗೆ ಅನ್ವಯಿಸುವುದಿಲ್ಲ.

ಎಮ್ಮೆ ಸಿಡುಬನ್ನು ಮೊದಲು ದಾಖಲಿಸಿದ್ದು 1934ರಲ್ಲಿ ಲಾಹೋರಿನಲ್ಲಿ. 2009ರಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಎಮ್ಮೆಗಳಿಗೂ, ಅವುಗಳನ್ನು ಹಿಂಡುವ ಜನರಿಗೂ ಒಟ್ಟಿಗೆ ಇದು ಬಂದಿತ್ತು. ನಮ್ಮ ರೈತರು ಎಮ್ಮೆ ಕೊಳ್ಳಲು ಗಡಿ ದಾಟಿ ಹೋಗುವುದುಂಟು. ರೋಗಕ್ಕೂ ಗಡಿ ಇಲ್ಲ.

ಮನುಷ್ಯರಲ್ಲಿ ಲಕ್ಷಣಗಳು: ಬೆರಳು, ಅಂಗೈ, ಮುಂಗೈ ಮೇಲೆ ನೋವಿನ ಗುಳ್ಳೆಗಳು ಎದ್ದು, ನಡುವೆ ಕುಳಿ ಬಿದ್ದು, ಕೀವಾಗಿ ಹಕ್ಕಳೆ ಕಟ್ಟುತ್ತವೆ. ಜ್ವರ ಬರಬಹುದು, ಕಂಕುಳಲ್ಲಿ ಗಡ್ಡೆ ಕಟ್ಟಬಹುದು. ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಹಿಂಡುವವರಿಗೆ ಹಣೆ, ಮುಖದ ಮೇಲೂ ಏಳುತ್ತವೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಕಲೆ ಬಿಟ್ಟು ಮಾಯುತ್ತವೆ.

4. ಹುಸಿ ಸಿಡುಬು ಮತ್ತು ಕುರಿ–ಆಡುಗಳ ಬಾಯಿ ಹುಣ್ಣು – ಇವೂ ಅಂಟುತ್ತವೆ

ಆಕಳ ಮೊಲೆಯ ಮೇಲೆ ಸಣ್ಣ ಗುಳ್ಳೆ ಎದ್ದು, ಹಕ್ಕಳೆ ಕಟ್ಟಿ, ಅಂಚಿನಲ್ಲಿ ಬಳೆಯ ಅಥವಾ ಕುದುರೆ ಲಾಳದ ಆಕಾರ ಉಳಿದರೆ ಅದು ಹುಸಿ ಸಿಡುಬು. ಹಿಂಡುವವರ ಬೆರಳಿನ ಮೇಲೆ ಇದು ಕೆಂಪು–ನೀಲಿ ಬಣ್ಣದ ಗಟ್ಟಿ ಗಂಟಾಗಿ ಏಳುತ್ತದೆ. ನೋವು ಕಡಿಮೆ, ಆದರೆ ಹಲವು ವಾರ ಉಳಿಯುತ್ತದೆ.

ಕುರಿ, ಆಡುಗಳಲ್ಲಿ, ಅದರಲ್ಲೂ ಮರಿಗಳಲ್ಲಿ, ತುಟಿ, ಮೂಗಿನ ಸುತ್ತ ಒರಟಾದ ದಪ್ಪ ಹಕ್ಕಳೆ ಕಟ್ಟುವ ರೋಗಕ್ಕೆ ವೈದ್ಯರು ಆರ್ಫ್ ಎನ್ನುತ್ತಾರೆ. ಮರಿಗೆ ಮೊಲೆ ಚೀಪಲು ಆಗುವುದಿಲ್ಲ, ಹಸಿವಿನಿಂದಲೇ ಸೊರಗುತ್ತದೆ. ಬಾಯಿ ಬಿಡಿಸಿ ಹಾಲು ಹಾಕುವವರ, ಔಷಧಿ ಕುಡಿಸುವವರ, ಮಾಂಸ ಕೊಯ್ಯುವವರ ಬೆರಳಿನಲ್ಲಿ ಗೀರು ಇದ್ದರೆ ಅಲ್ಲಿಂದ ವೈರಾಣು ಒಳಸೇರಿ ಒಂದೇ ಒಂದು ದೊಡ್ಡ ಗಂಟು ಏಳುತ್ತದೆ. ಅದು ಸಾಮಾನ್ಯವಾಗಿ ಆರು ವಾರಗಳೊಳಗೆ ತಾನೇ ಮಾಯುತ್ತದೆ. ಇದನ್ನು ಕೀವುಗಡ್ಡೆಯೆಂದು ತಿಳಿದು ಕೊಯ್ಯಿಸಬಾರದು.

ಗುರುತಿಸಲು ಸುಲಭ ಸೂತ್ರ

• ದನದ ಮೈತುಂಬ ಗಟ್ಟಿ ಗಂಟು, ಜೊತೆಗೆ ಜ್ವರ: ಚರ್ಮಗಂಟು ರೋಗ. ಮನುಷ್ಯನಿಗೆ ಅಂಟದು.
• ಕುರಿಯ ಉಣ್ಣೆಯಿಲ್ಲದ ಜಾಗದಲ್ಲಿ ಗಂಟು, ಜ್ವರ, ಏದುಸಿರು: ಕುರಿ ಸಿಡುಬು. ಮನುಷ್ಯನಿಗೆ ಅಂಟದು.
• ಎಮ್ಮೆಯ ಮೊಲೆ, ಕೆಚ್ಚಲಿನ ಮೇಲೆ ನೀರುಗುಳ್ಳೆ, ಕೀವು: ಎಮ್ಮೆ ಸಿಡುಬು. ಅಂಟುತ್ತದೆ.
• ಆಕಳ ಮೊಲೆಯ ಮೇಲೆ ಬಳೆಯಾಕಾರದ ಹಕ್ಕಳೆ: ಹುಸಿ ಸಿಡುಬು. ಅಂಟುತ್ತದೆ.
• ಕುರಿ, ಆಡಿನ ಮರಿಗಳ ತುಟಿಯ ಮೇಲೆ ಒರಟು ಹಕ್ಕಳೆ: ಆರ್ಫ್. ಅಂಟುತ್ತದೆ.

ಇದು ನಿಮ್ಮ ತಿಳಿವಳಿಕೆಗಾಗಿ ಮಾತ್ರ. ಖಚಿತವಾಗಿ ಹೇಳುವವರು ಪಶುವೈದ್ಯರೇ.

ಹಾಲು ಹಿಂಡುವವರು ಅನುಸರಿಸಬೇಕಾದ ಕ್ರಮಗಳು

1. ಆರೋಗ್ಯವಾಗಿರುವ ಎಮ್ಮೆ, ಆಕಳುಗಳನ್ನು ಮೊದಲು ಹಿಂಡಿರಿ. ಬೊಕ್ಕೆ ಇರುವುದನ್ನು ಕೊನೆಗೆ ಹಿಂಡಿರಿ. ಖರ್ಚಿಲ್ಲದ ಈ ಒಂದು ಕ್ರಮದಿಂದಲೇ ರೋಗ ಒಂದರಿಂದ ಇನ್ನೊಂದಕ್ಕೆ ಹೋಗುವುದು ಬಹಳ ಕಡಿಮೆಯಾಗುತ್ತದೆ.
2. ಹಿಂಡುವ ಮುಂಚೆ ಮತ್ತು ನಂತರ ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ. ಒಂದೇ ಅರಿವೆಯಿಂದ ಎಲ್ಲ ದನಗಳ ಕೆಚ್ಚಲು ಒರೆಸಬೇಡಿರಿ.
3. ಕೈಯಲ್ಲಿ ಗೀರು, ಗಾಯ, ಇಸಬು ಇದ್ದವರು ರೋಗದ ಪ್ರಾಣಿಯನ್ನು ಹಿಂಡಬಾರದು. ಬೇರೆಯವರು ಇಲ್ಲದಿದ್ದರೆ ರಬ್ಬರ್ ಕೈಚೀಲ ಹಾಕಿಕೊಂಡು ಹಿಂಡಿರಿ. ಗರ್ಭಿಣಿಯರನ್ನೂ ಚಿಕ್ಕ ಮಕ್ಕಳನ್ನೂ ಈ ಕೆಲಸದಿಂದ ದೂರವಿಡಿರಿ.
4. ಮೊಲೆಯನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆದು, ವೈದ್ಯರು ಹೇಳಿದ ಮುಲಾಮು ಹಚ್ಚಿರಿ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿರಿ. ತಾನಾಗಿ ಉದುರಿದ್ದನ್ನು ಗೂಡಿಸಿ ಸುಟ್ಟುಬಿಡಿರಿ.
5. ಗೋದಲಿ, ನೆಲ, ಹಗ್ಗಗಳನ್ನು ಶೇಕಡಾ 2ರ ಫಿನಾಲ್ ಅಥವಾ ಶೇಕಡಾ 2ರಿಂದ 3ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯಿರಿ.
6. ಕೊಟ್ಟಿಗೆಯ ಸುತ್ತ ನೀರು ನಿಲ್ಲದಂತೆ, ತಿಪ್ಪೆ ದೂರವಿರುವಂತೆ ನೋಡಿಕೊಳ್ಳಿರಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿರಿ. ಉಣ್ಣೆಗೆ ಔಷಧಿಯನ್ನು ವೈದ್ಯರನ್ನು ಕೇಳಿಯೇ ಬಳಸಿರಿ.
7. ಹೊಸದಾಗಿ ಕೊಂಡು ತಂದ ದನ, ಎಮ್ಮೆಯನ್ನು 28 ದಿನ ಬೇರೆ ಕಟ್ಟಿ ನೋಡಿ, ನಂತರ ಉಳಿದವುಗಳ ಜೊತೆ ಸೇರಿಸಿರಿ.

ಮನೆಯವರ ಕೈಗೆ ಬೊಕ್ಕೆ ಎದ್ದರೆ

ಕೈಯನ್ನು ಸಾಬೂನಿನಿಂದ ತೊಳೆದು, ಒಣಗಿಸಿ, ಶುಭ್ರವಾದ ಅರಿವೆ ಕಟ್ಟಿರಿ. ಆ ಕೈಯಿಂದ ಕಣ್ಣು ಉಜ್ಜಬೇಡಿರಿ, ಎಳೆ ಮಗುವನ್ನು ಎತ್ತಿಕೊಳ್ಳಬೇಡಿರಿ. ಅಂಗಡಿಯಲ್ಲಿ ತುರಿಕೆಗೆಂದು ಕೊಡುವ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಅದು ಕೆಂಪನ್ನು ಅಡಗಿಸಿದಂತೆ ಕಂಡರೂ ವೈರಾಣುವಿಗೆ ದಾರಿ ಮಾಡಿಕೊಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಅಲ್ಲಿ ವೈದ್ಯರು ಕೇಳದಿದ್ದರೂ ನೀವಾಗಿಯೇ ಒಂದು ಮಾತು ಹೇಳಲೇಬೇಕು: “ನಮ್ಮ ಎಮ್ಮೆಯ ಮೊಲೆಗೂ ಇಂಥದೇ ಬೊಕ್ಕೆ ಎದ್ದಿವೆ, ನಾನೇ ಹಿಂಡುತ್ತೇನೆ.” ಕೈಮೇಲಿನ ಗುಳ್ಳೆ ನೋಡಿದ ಮಾತ್ರಕ್ಕೆ ಅದು ಎಲ್ಲಿಂದ ಬಂದಿತೆಂದು ಯಾರಿಗೂ ತಿಳಿಯದು. ಈ ಒಂದು ಮಾತಿನಿಂದ ರೋಗದ ಮೂಲ ಗೊತ್ತಾಗುತ್ತದೆ. ಬೇಡದ ಔಷಧಿ, ಬೇಡದ ಖರ್ಚು ತಪ್ಪುತ್ತದೆ. ಗುಳ್ಳೆ ಕಣ್ಣಿನ ಹತ್ತಿರ ಎದ್ದರೆ, ಜ್ವರ ಇಳಿಯದಿದ್ದರೆ, ಮೈಗೆಲ್ಲ ಹಬ್ಬಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿರಿ.

ಒಂದು ಮುಖ್ಯ ಎಚ್ಚರಿಕೆ

ಕೈಮೇಲೆ ನೋವಿಲ್ಲದ ಗುಳ್ಳೆ ಎದ್ದು, ನಡುಭಾಗ ಇದ್ದಿಲಿನಂತೆ ಕಪ್ಪಾಗಿ, ಸುತ್ತ ಬಾವು ಬಂದರೆ ಅದು ಸಿಡುಬಿನ ಜಾತಿಯದಲ್ಲ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರಬಹುದು. ಇದು ವೈರಾಣುವಿನಿಂದ ಬರುವುದಲ್ಲ, ಬ್ಯಾಕ್ಟೀರಿಯಾದಿಂದ ಬರುತ್ತದೆ. ಬೇಗ ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ, ತಡಮಾಡಿದರೆ ಪ್ರಾಣಕ್ಕೆ ಅಪಾಯ. ಕುರಿ, ದನ ಒಮ್ಮೆಲೇ ಸತ್ತು, ಮೂಗು, ಗುದದ್ವಾರದಿಂದ ರಕ್ತ ಬಂದಿದ್ದರೆ ಅದರ ಚರ್ಮ ಸುಲಿಯಬೇಡಿರಿ, ಮಾಂಸ ಹಂಚಿಕೊಳ್ಳಬೇಡಿರಿ. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ.

ಹಿರಿಯರ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದದ್ದು

ಮನೆಯಲ್ಲಿ ಅಮ್ಮ ಎದ್ದಾಗ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ, ಹೊರಗಿನವರು ಒಳಗೆ ಬಾರದಂತೆ, ರೋಗಿ ಹೊರಗೆ ತಿರುಗದಂತೆ ನಮ್ಮ ಹಿರಿಯರು ನೋಡಿಕೊಳ್ಳುತ್ತಿದ್ದರು. ಇದರಲ್ಲಿ ರೋಗ ತಡೆಯುವ ಒಳ್ಳೆಯ ಗುಣವಿದೆ. ಆ ಪದ್ಧತಿಯನ್ನು ಕೊಟ್ಟಿಗೆಗೂ, ಹಟ್ಟಿಗೂ ತನ್ನಿರಿ. ಬೇವಿನ ತೊಪ್ಪಲು ಕಟ್ಟಿದ ಕೊಟ್ಟಿಗೆಯ ದನ ಊರ ಕೆರೆಗೆ, ಸಂತೆಗೆ, ಜಾತ್ರೆಗೆ ಹೋಗಬಾರದು. ದೇವಿಗೆ ನಡೆದುಕೊಳ್ಳುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಹರಕೆಯ ಜೊತೆಗೆ ಲಸಿಕೆಯನ್ನೂ ಹಾಕಿಸಿರಿ. ಲಸಿಕೆ ಹಾಕಿಸಿದರೆ ಅಮ್ಮ ಮುನಿಯುತ್ತಾಳೆಂಬ ಮಾತಿಗೆ ಕಿವಿಗೊಡಬೇಡಿರಿ.

ಸಾವು ಸಂಭವಿಸಿದರೆ

ಸತ್ತ ದನವನ್ನು ಹಳ್ಳಕ್ಕೆ, ನಾಲೆಗೆ ಎಸೆಯಬೇಡಿರಿ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿರಿ. ಹೂಳುವ ಮುಂಚೆ ಪಶುವೈದ್ಯರನ್ನು ಕರೆಸಿ ದಾಖಲೆ ಮಾಡಿಸಿರಿ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಪ್ರಕಟಿಸಿತ್ತು. ಇಂಥ ನೆರವು ಬಂದಾಗ ಮೊದಲು ಕೇಳುವುದು ವೈದ್ಯರ ದಾಖಲೆಯನ್ನೇ. ರೋಗದ ಸುಳಿವು ಸಿಕ್ಕ ಕೂಡಲೇ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ತಿಳಿಸಿರಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿರಿ.

ರೈತ ಬಾಂಧವರೇ, ಗಂಟು ಎದ್ದ ಆಕಳನ್ನು ಹೆದರದೆ ಆರೈಕೆ ಮಾಡಿರಿ. ಅದು ನಿಮಗೆ ಅಂಟುವುದಿಲ್ಲ. ಮೊಲೆಯ ಮೇಲೆ ಬೊಕ್ಕೆ ಎದ್ದ ಎಮ್ಮೆಯನ್ನು ಎಚ್ಚರದಿಂದ ಹಿಂಡಿರಿ, ಅದು ಅಂಟುತ್ತದೆ. ನಾಳೆ ಬೆಳಗಿನ ಜಾವ ಹಿಂಡಲು ಕುಳಿತಾಗ ಮೊದಲು ದೀಪ ಹಿಡಿದು ನಾಲ್ಕೂ ಮೊಲೆಗಳನ್ನು ಒಮ್ಮೆ ನೋಡಿರಿ, ನಿಮ್ಮ ಕೈಯನ್ನೂ ಒಮ್ಮೆ ನೋಡಿಕೊಳ್ಳಿರಿ. ಇದಕ್ಕೆ ಹಣ ಬೇಕಿಲ್ಲ, ಅರ್ಧ ನಿಮಿಷ ಸಾಕು.